ಹದಿನಾಲ್ಕರ ಪೆಡಲು

ಎಡಗಡೆಯ ಪೆಡಲು ಮುರಿದದ್ದು ಠಾಣಾ ಕುಶನೂರು ಇನ್ನೇನು ಬಂತು ಎನ್ನುವಾಗ. ಸೈಕಲ್ಲು ಔರಾದದ ಆ ಅಂಗಳ ಬಿಟ್ಟು ಕದಲದೆ ಎರಡು ವರ್ಷವಾಗಿತ್ತು. ಜೋಡು ಸ್ಟ್ಯಾಂಡಿನ ಮೇಲೆ ನಿಂತ ಅದರ ಹಿಂದಿನ ಗಾಲಿ ನೆಲದಿಂದ ನಾಲ್ಕು ಬೆರಳು ಮೇಲೆ, ಬರೀ ಗಾಳಿಯಲ್ಲಿ ತಿರುಗುತ್ತಿತ್ತು. ಆದರೂ ಮೇಲೆ ಕುಳಿತ ಗೋರಖನಾಥನಿಗೆ ದಾರಿ ಸಾಗುತ್ತಿತ್ತು. ಊರುಗಳು ಬರುತ್ತಿದ್ದವು, ಹಿಂದೆ ಬೀಳುತ್ತಿದ್ದವು.

"ಕುಶನೂರ ಬಂತು ನೋಡು, ಶಾಲೂ. ಬಾವಿ ಬಲ್ಲಿ ಆ ಮುದುಕಿ ಕುಂತಿರ್ತಾಳ. ಗುಳಿಗಿ ನುಂಗು ಅಂದ್ರ ಬೈತಾಳ, ಆಮ್ಯಾಲ ಚಾ ಕೊಡ್ತಾಳ" ಅನ್ನುತ್ತಿದ್ದವನ ಎಡಗಾಲು ಒಮ್ಮೆಲೇ ಜೋತುಬಿತ್ತು. ಪೆಡಲು ಅಂಗಳದ ಫರಸಿಯ ಮೇಲೆ ಉರುಳಿ ಗೋಡೆಗೆ ಬಡಿದು ನಿಂತಿತು.

ಶಾಲುಬಾಯಿ ಓಡಿ ಬಂದು ಗಂಡನ ತೋಳು ಹಿಡಿದುಕೊಂಡಳು. "ಆಮ್ಯಾಲ? ಚಾ ಕೊಟ್ಳು, ಆಮ್ಯಾಲ?" ಎಂದು ಕೇಳಿದಳು.

ಅವನು ಅವಳನ್ನು ನೋಡಿದ. ಆ ನೋಟದಲ್ಲಿ ಬಾವಿ ಇರಲಿಲ್ಲ, ಮುದುಕಿ ಇರಲಿಲ್ಲ, ಶಾಲುಬಾಯಿಯೂ ಇರಲಿಲ್ಲ.

ಕೈಕಾಲು ನಡುಗುವ ಬೇನೆ ಅವನಿಗೆ ಹತ್ತಿ ಬಹಳ ವರ್ಷವಾಗಿತ್ತು. ಮೊದಲು ಬೆರಳುಗಳನ್ನು ಹಿಡಿಯಿತು, ಆಮೇಲೆ ಹೆಜ್ಜೆಯನ್ನು, ಕೊನೆಗೆ ಮಾತನ್ನು. ಹೊಸ್ತಿಲ ಮುಂದೆ ಬಂದರೆ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದ. ನಡೆಯಲಾಗದ ಕೆಲವರು ಸೈಕಲ್ಲು ಮಾತ್ರ ತುಳಿಯಬಲ್ಲರು, ಮೈ ಅದನ್ನು ಬೇರೆ ಎಲ್ಲೋ ನೆನಪಿಟ್ಟುಕೊಂಡಿರುತ್ತದೆ ಎಂದು ಬೀದರಿನ ಡಾಕ್ಟರೊಬ್ಬರು ಹೇಳಿದ್ದರು. ಆ ಮಾತು ಕಟ್ಟಿಕೊಂಡು ಬಂದ ಶಾಲುಬಾಯಿ, ಪಕ್ಕದ ಮನೆಯ ರಹೀಮುನ್ನಿಸಾಳನ್ನು ಕರೆದು, ಇಬ್ಬರೂ ಸೇರಿ ಅವನನ್ನು ಹಳೆಯ ಸೈಕಲ್ಲಿನ ಮೇಲೆ ಕೂಡಿಸಿದ್ದರು. ಪೆಡಲು ನಾಲ್ಕು ಸುತ್ತು ತಿರುಗಿತೋ ಇಲ್ಲವೋ, ತಿಂಗಳುಗಟ್ಟಲೆ ತುಟಿ ಬಿಚ್ಚದಿದ್ದ ಗಂಡ, "ಶಾಲೂ, ಹಿಂದಿನ ಟಾಯರಿಗಿ ಗಾಳಿ ಕಮ್ಮಿ ಅದ" ಅಂದ. ಅಂದಿನಿಂದ ದಿನಾ ಸಂಜೆ ಅರ್ಧ ತಾಸು ಅವಳಿಗೆ ಗಂಡ ಸಿಗುತ್ತಿದ್ದ. ಉಳಿದ ಹೊತ್ತು ಅವನ ಮೈ ಮಾತ್ರ ಮನೆಯಲ್ಲಿರುತ್ತಿತ್ತು.

ಮುರಿದದ್ದು ಆ ಅರ್ಧ ತಾಸು.

ಸೈಕಲ್ಲು ಈ ಸೀಮೆಯದಲ್ಲ. ಕುಷ್ಠರೋಗದ ಕೆಲಸಕ್ಕೆಂದು ಭಾಲ್ಕಿಯ ಕಡೆ ಬಂದಿದ್ದ ಫ್ರಾನ್ಸಿನ ಡಾಕ್ಟರಮ್ಮನೊಬ್ಬಳು ಹಡಗಿನಲ್ಲಿ ತಂದದ್ದು. ಊರಿಗೆ ಮರಳುವಾಗ, ಗುಳಿಗೆಯ ಚೀಲ ಹೊತ್ತು ತನ್ನ ಹಿಂದೆ ಹಳ್ಳಿಹಳ್ಳಿ ತಿರುಗಿದ ತರುಣ ಗೋರಖನಾಥನಿಗೆ ಬಿಟ್ಟು ಹೋಗಿದ್ದಳು. ಅದರ ನಡುವಿನ ಕೊಳವೆ ಗಂಡಸರ ಸೈಕಲ್ಲಿನಂತೆ ಅಡ್ಡ ಇರಲಿಲ್ಲ, ಹೆಂಗಸರ ಸೈಕಲ್ಲಿನಂತೆ ಬಾಗಿಯೂ ಇರಲಿಲ್ಲ. ಎರಡು ಸಣ್ಣ ಕೊಳವೆಗಳು ಜೋಡಾಗಿ ಇಳಿಜಾರಿನಲ್ಲಿ ಹಿಂದಿನ ಗಾಲಿಯತನಕ ಹೋಗಿದ್ದವು. "ಗೋರಖಾ, ನಿನ್ನ ಸೈಕಲ್ ಗಂಡೋ ಹೆಣ್ಣೋ?" ಎಂದು ಬಸ್‌ಸ್ಟ್ಯಾಂಡಿನ ಮಂದಿ ಕಾಡಿದರೆ, "ಅದರ ಲಗ್ನ ಆಗ್ಲಿ, ಆಮ್ಯಾಲ ಹೇಳ್ತೀನಿ" ಅನ್ನುತ್ತಿದ್ದ. ಪೆಡಲನ್ನು ಸಿಗಿಸುವ ಕಬ್ಬಿಣದ ತೋಳಿಗೆ ಕ್ರ್ಯಾಂಕ್ ಎನ್ನುತ್ತಾರೆ. ಎಡಗಡೆಯ ಕ್ರ್ಯಾಂಕಿನ ಬೆನ್ನ ಮೇಲೆ ಇಂಗ್ಲಿಷಿನ ಜಿ ಅಕ್ಷರ, ಬಲಗಡೆಯದರ ಮೇಲೆ ಡಿ ಅಕ್ಷರ ಕೊರೆದಿತ್ತು. "ಜಿ ಅಂದ್ರ ಗೋರಖನಾಥ, ಡಿ ಅಂದ್ರ ಡಾಕ್ಟರಬಾಯಿ" ಎಂದು ಅವನು ಹೊಸ ಹೆಂಡತಿಗೆ ತಿಳಿಸಿ ಹೇಳಿದ್ದ. ಹಲಬರ್ಗಾದಿಂದ ಬಂದ ಹುಡುಗಿ ಅದನ್ನು ನಂಬಿದ್ದಳು.

ಆಮೇಲೆ ಅವನು ಸರಕಾರಿ ಕೆಲಸಕ್ಕೆ ಸೇರಿದ. ಕೆಲಸ ಅದೇ. ರೋಗಿಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಕೋಳಿಗರಿಯಿಂದ ಮೆಲ್ಲಗೆ ಸವರಿ, "ತಿಳೀತದೇನು?" ಎಂದು ಕೇಳುವುದು. ಇಡೀ ತಾಲೂಕಿನಲ್ಲಿ ಯಾರೂ ಮುಟ್ಟದ ಪಾದಗಳನ್ನು ಅವನು ಮುಟ್ಟಿದ್ದ. ಶಾಲುಬಾಯಿ ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬೇಯಿಸಿ, ಮಗಳು ಮಹಾಮಾಯಾಳನ್ನು ಓದಿಸಿ ಭಾಲ್ಕಿಯಲ್ಲಿ ಟೀಚರ್ ಮಾಡಿದಳು. ಸುಖವಾಗಿ ಹೋದ ಸಂಸಾರ. ಸಂಜೆ ಸೈಕಲ್ಲಿನ ಗಂಟೆ ಕೇಳಿದ ಮೇಲೆಯೇ ಅವಳು ರೊಟ್ಟಿಯ ಹಂಚು ಒಲೆಗಿಡುತ್ತಿದ್ದಳು.

ಪೆಡಲು ಮುರಿದ ಮರುದಿನ ಸೈಕಲ್ ರಿಪೇರಿಯ ದಿಲೀಪ ಬಂದ. ಔರಾದದಲ್ಲಿ ಈಗ ಮೋಟರ್ ಸೈಕಲ್ಲಿನ ಕೆಲಸವೇ ಹೆಚ್ಚು. ಆದರೂ ಗೋರಖನಾಥನೆಂದರೆ ಅವನಿಗೆ ಜೀವ.

"ಒಂದು ಪೆಡಲು ಅಷ್ಟೇ ಅಲ್ಲೇನು, ಮಾವಶಿ? ನೀ ಚಾಕ್ಕಿಡು, ಕುದ್ಯೂದರಾಗ ಹಾಕ್ತೀನಿ."

ಮುರಿದುಳಿದ ತುಂಡನ್ನು ಬಿಚ್ಚಿ ತೆಗೆದು ಹೊಸ ಪೆಡಲನ್ನು ಕ್ರ್ಯಾಂಕಿನ ತೂತಿಗೆ ಇಟ್ಟು ತಿರುವಿದ. ಅರ್ಧ ಸುತ್ತು ಹೋಗಿ ಬಿಗಿಯಿತು. ತೆಗೆದು ಮತ್ತೆ ಇಟ್ಟ. ಮತ್ತೆ ಅರ್ಧ ಸುತ್ತು.

"ಎಡಗಡಿದು ಉಲ್ಟಾ ತಿರುಗಿಸ್ಬೇಕು, ಅದು ನನಗ ಗೊತ್ತದ. ಉಲ್ಟಾನೇ ತಿರುವ್ಲಕತ್ತೀನಿ. ಹೋಗವಲ್ದು ನೋಡು." ಅವನು ಬೋಲ್ಟು ತಿರುವುವ ಉದ್ದನೆಯ ಪಾನಾವನ್ನು ಚೀಲದಿಂದ ತೆಗೆದ.

ಶಾಲುಬಾಯಿ ಅವನ ಮಣಿಕಟ್ಟು ಹಿಡಿದಳು. "ಜೋರು ಮಾಡಬ್ಯಾಡಪ್ಪ."

"ಜೋರು ಮಾಡ್ಲಾರದೆ ಔರಾದನಾಗ ಯಾವ ಕೆಲಸ ಆಗ್ಯದ, ಮಾವಶಿ?"

"ಇದೊಂದು ಹಾಂಗೇ ಆಗ್ಲಿ."

ಅವನು ನಕ್ಕು, ಪಿನ್ನು ಬಡಿದು ತೆಗೆದು, ಎಡಗಡೆಯ ಕ್ರ್ಯಾಂಕನ್ನೇ ಬಿಚ್ಚಿ ಅವಳ ಕೈಗೆ ಕೊಟ್ಟ. "ಭಾಲ್ಕಿನ್ಯಾಗ ಕೇಳು. ಅಲ್ಲಿ ಆಗ್ಲಿಲ್ಲಂದ್ರ ಬೀದರ. ಚೌಬಾರಾದ ಹಿಂದಿನ ಗಲ್ಲಿನ್ಯಾಗ ವಾಹೀದ ಚಾಚಾ ಅಂತ ಇದ್ದಾನ. ಇದ್ದಾನೋ ಹೋಗ್ಯಾನೋ ಗೊತ್ತಿಲ್ಲ."

ಟವೆಲಿನಲ್ಲಿ ಸುತ್ತಿದ ಕಬ್ಬಿಣವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತವಳನ್ನು ಕಂಡಕ್ಟರು ನೋಡಿದ. "ಯಾರಿಗಿ ಹೊಡೀಲಕ ಹೊಂಟೀರಿ, ಅಮ್ಮಾ?"

"ಹೊಡ್ಯೂದಿದ್ರ ಇಷ್ಟು ದೂರ ಯಾಕ ಹೋಗ್ಲಿ? ನೀನೇ ಸಮೀಪ ಇದ್ದಿ" ಅಂದಳು. ಬಸ್ಸು ನಕ್ಕಿತು. ಅವಳೂ ನಕ್ಕಳು, ಆಮೇಲೆ ಕಿಟಕಿಯ ಕಡೆ ತಿರುಗಿ ತೊಗರಿ ಹೊಲಗಳನ್ನೇ ನೋಡುತ್ತ ಕುಳಿತಳು.

ಭಾಲ್ಕಿಯ ಅಂಗಡಿಗಳಲ್ಲಿ ಆ ತೂತನ್ನು ನೋಡಿದವರೆಲ್ಲ ಹೊಸ ಸೈಕಲ್ಲು ತೋರಿಸಿದರು. ಮಹಾಮಾಯಾ ಶಾಲೆಯಿಂದ ನೇರ ಬಸ್‌ಸ್ಟ್ಯಾಂಡಿಗೆ ಬಂದು ತಾಯಿಯ ಕೈಗೆ ಊಟದ ಡಬ್ಬಿ ಕೊಟ್ಟಳು.

"ಅವ್ವ, ನಾ ತಂದುಕೊಟ್ಟ ಸೈಕಲ್ ತುಳಿಯೂ ಮಶೀನು ಮೂಲ್ಯಾಗ ಬಿದ್ದದಲ್ಲ. ಅದರ ಮ್ಯಾಲ ಇನ್ನೊಮ್ಮಿ ಕೂಡ್ಸು."

"ಕೂಡ್ಸಿನೆವ್ವ. ಹ್ಯಾಂಡಲ್ ಹಿಡಕೊಂಡು ಗ್ವಾಡಿ ನೋಡಕೋತ ಕುಂತ್ರು. ಒಂದು ಸುತ್ತು ತುಳೀಲಿಲ್ಲ."

ಮಗಳು ತಾಯಿಯ ಮಡಿಲಿನ ಗಂಟು ನೋಡಿದಳು. ಬೀದರಿನ ಬಸ್ಸು ಹೊರಡುವತನಕ ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದಳು.

ಅಬ್ದುಲ ವಾಹೀದ ಇದ್ದ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕು, ಅಷ್ಟು ಸಣ್ಣ ಅಂಗಡಿ. ಬಿಳಿ ಗಡ್ಡದ ಮುದುಕ ಟವೆಲು ಬಿಚ್ಚಿ ಕ್ರ್ಯಾಂಕನ್ನು ಸೀಮೆಎಣ್ಣೆಯಲ್ಲಿ ತೊಳೆದ, ಹಳೆಯ ಬ್ರಷ್ಷಿನಿಂದ ತೂತಿನ ಒಳಗಿನ ಕೊಳೆ ತೆಗೆದ. ಅಲ್ಲಿ ಬಳೆಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ಸುತ್ತುಸುತ್ತಾದ ಕೊರೆತ ಕಂಡಿತು. ಮೇಸ್ತ್ರಿಗಳು ಅದಕ್ಕೆ ಚೂಡಿ ಎನ್ನುತ್ತಾರೆ.

ಅವನು ಪಾನಾ ಮುಟ್ಟಲಿಲ್ಲ. ಡಬ್ಬಿಯಿಂದ ಒಂದು ಹಳೆಯ ಪೆಡಲು ಆರಿಸಿ, ಎರಡೇ ಬೆರಳಿನಲ್ಲಿ ಹಿಡಿದು, ಉಸಿರು ಬಿಗಿಹಿಡಿದವನಂತೆ ಮೆಲ್ಲಗೆ ತಿರುವಿದ. ಅರ್ಧ ಸುತ್ತಿಗೆ ನಿಂತಿತು. ಇನ್ನೊಂದು ಸಣ್ಣದನ್ನು ಇಟ್ಟ. ಅದು ಯಾವ ಚೂಡಿಗೂ ತಾಗದೆ ಒಳಗೆ ಜಾರಿತು.

"ನೋಡು, ತಂಗಿ. ಅಂಗುಲದ ಎಂಟನೇ ಪಾಲಿಗಿ ಸೂತು ಅಂತೀವಿ ನಾವು. ನಮ್ಮ ದೇಶದ ಪೆಡಲು ನಾಲ್ಕೂವರಿ ಸೂತಿಂದು. ಅದು ಇದರಾಗ ಹಿಡಿಸವಲ್ದು. ನಾಲ್ಕು ಸೂತಿಂದು ಇಟ್ರ ಬೀಳ್ತದ. ಅಂದ್ರ ಈ ಮಾಲ ಸೂತಿನ ಲೆಕ್ಕಕ್ಕ ಬರಂಗಿಲ್ಲ. ಇದು ಮಿಲಿಮೀಟರಿನ ಮಂದಿ ಮಾಡಿದ್ದು. ಹದಿನಾಲ್ಕು." ಕ್ರ್ಯಾಂಕನ್ನು ತಿರುಗಿಸಿ ಬೆನ್ನು ನೋಡಿದ. "ಹಾಂ. ಜಿ ಅದ. ಫ್ರಾನ್ಸಿಂದೇ. ಅವರ ಮಾತಿನ್ಯಾಗ ಎಡಕ್ಕ ಅನ್ನೂದು ಜಿ ದಿಂದ ಶುರು ಆಗ್ತದಂತ. ಬಲಕ್ಕ ಡಿ."

"ನಮ್ಮನಿಯವರು ಬ್ಯಾರೆ ಹೇಳ್ತಿದ್ರು" ಅಂದಳು ಶಾಲುಬಾಯಿ.

"ಏನಂತ?"

ಅವಳು ಹೇಳಿದಳು. ವಾಹೀದ ಗಡ್ಡ ಸವರಿಕೊಂಡ. "ಸೈಕಲ್ ಅವರ್ದು. ಅವರು ಹೇಳಿದ್ದೇ ಬರೋಬ್ಬರ್."

ಅವಳು ಮನೆಯಲ್ಲಿ ಆಗುತ್ತಿರುವುದನ್ನೆಲ್ಲ ಹೇಳಿದಳು. ಮುದುಕ ಕೇಳಿ ಎರಡು ದಾರಿ ಹೇಳಿದ. ಹದಿನಾಲ್ಕರ ಪೆಡಲು ಹುಡುಕುವುದು ಒಂದು. ಹೈದರಾಬಾದಿನ ಜುಮೇರಾತ್ ಬಜಾರಿನಲ್ಲಿ ಹಳೆಯ ಕಬ್ಬಿಣ ಹರವಿಕೊಂಡು ಕೂಡುವವರಿದ್ದಾರೆ, ಅವರಿಗೆ ಮಾತು ಕಳಿಸುತ್ತೇನೆ, ಯಾವಾಗ ಸಿಕ್ಕೀತೆಂದು ಮಾತ್ರ ಕೇಳಬೇಡ ಎಂದ. ಎರಡನೆಯದು, ಟ್ಯಾಪು ಎನ್ನುವ ಕೊರೆಯುವ ಸಲಕರಣೆ ಹಾಕಿ ಆ ಚೂಡಿಯನ್ನು ಕೊಯ್ದು ನಾಲ್ಕೂವರೆ ಸೂತಿಗೆ ಹಿಗ್ಗಿಸುವುದು. ಆಗ ಯಾವ ಅಂಗಡಿಯ ಪೆಡಲಾದರೂ ಕೂಡುತ್ತದೆ.

"ಹರದಾರಿ ಫರಕಿಲ್ಲ. ಉಗುರಿನ ದಪ್ಪದಷ್ಟು ಕಬ್ಬಿಣ ತೆಗೀಬೇಕು. ಆದ್ರ ತೆಗೆದ ಮ್ಯಾಲ ತಿರುಗಿ ಹಚ್ಚಲಕ ಬರಂಗಿಲ್ಲ. ನನ್ನ ಕೇಳಿದ್ರ ತಡಿ ಅಂತೀನಿ."

ಅವಳು ತಡೆದಳು.

ತಡೆದ ದಿನಗಳಲ್ಲಿ ಗೋರಖನಾಥ ದಿನದಿನಕ್ಕೆ ದೂರವಾದ. ಸಂಜೆಯಾದರೆ ಮೊದಲೆಲ್ಲ ಅಂಗಳದ ಕಡೆ ಮುಖ ತಿರುಗಿಸುತ್ತಿದ್ದವನು ಅದನ್ನೂ ಬಿಟ್ಟ. ತುತ್ತು ಬಾಯಲ್ಲಿ ಹಾಗೇ ಉಳಿಯತೊಡಗಿತು. "ಮೈ ಸುಮ್ಮ ಕುಂತ್ರ ಮರೀತದ, ಭಾಭಿ" ಎಂದು ರಹೀಮುನ್ನಿಸಾ ಹೇಳಿದಳು. ಡಾಕ್ಟರೂ ಫೋನಿನಲ್ಲಿ ಅದನ್ನೇ ಹೇಳಿದರು. ಶಾಲುಬಾಯಿ ವಾಹೀದನಿಗೆ ಫೋನು ಹಚ್ಚಿದರೆ, "ಇನ್ನೂ ಇಲ್ಲ, ತಂಗಿ" ಎನ್ನುವ ಉತ್ತರ. ಆ "ಇನ್ನೂ" ಎಂಬುದು ಅವಳಿಗೆ ಮುಳ್ಳಾಗಿ ಚುಚ್ಚುತ್ತಿತ್ತು.

ಒಂದು ಮುಂಜಾನೆ ಅವಳು ಗಂಡನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನ ತುದಿಯಿಂದ ಸವರಿದಳು. "ತಿಳೀತದೇನ್ರಿ?" ಎಂದಳು. ಪಾದ ಅಲುಗಲಿಲ್ಲ. ಅವನು ಛಾವಣಿಯನ್ನು ನೋಡುತ್ತಿದ್ದ. ಅಂದೇ ಬಸ್ಸು ಹತ್ತಿದಳು.

"ಕೊಯ್ಯಿರಿ, ವಾಹೀದ ಭಾಯಿ."

"ಇನ್ನ ಸ್ವಲ್ಪ..."

"ಕೊಯ್ಯಿರಿ."

ವಾಹೀದ ಕ್ರ್ಯಾಂಕನ್ನು ಇಕ್ಕಳದಲ್ಲಿ ಬಿಗಿದು, ಎಣ್ಣೆ ಬಿಟ್ಟು, ಬಿಸ್ಮಿಲ್ಲಾ ಹೇಳಿ ಟ್ಯಾಪನ್ನು ತಿರುವಿದ. ಕಬ್ಬಿಣ ಕಿರುಗುಟ್ಟಿತು. ಕೂದಲಿನಂಥ ಹೊಳೆಯುವ ಎಳೆಗಳು ಸುರುಳಿಯಾಗಿ ಹೊರಬಂದು ನೆಲಕ್ಕೆ ಬಿದ್ದವು. ಶಾಲುಬಾಯಿ ಗಲ್ಲಿಯ ಕಡೆ ಮುಖ ಮಾಡಿ ನಿಂತಳು. ಮುರಿದ ಪೆಡಲಿನ ಹಳೆಯ ರಬ್ಬರನ್ನು ಹೊಸದಕ್ಕೆ ಹಾಕಲು ವಾಹೀದ ಬಹಳ ಹೊತ್ತು ತಿಣುಕಿದ. ಅಳತೆ ಕೂಡಲಿಲ್ಲ. ಹೊಸ ರಬ್ಬರಿನ ಪೆಡಲೇ ಔರಾದಕ್ಕೆ ಬಂತು.

ಆ ಸಂಜೆ ದಿಲೀಪ ಕ್ರ್ಯಾಂಕು ಜೋಡಿಸಿದ. ರಹೀಮುನ್ನಿಸಾಳೂ ಬಂದು, ಮೂವರೂ ಸೇರಿ ಗೋರಖನಾಥನನ್ನು ಮೇಲೆ ಕೂಡಿಸಿದರು. ಬಲಗಾಲು ತನ್ನ ಜಾಗದಲ್ಲಿ ತಾನೇ ಕೂತಿತು. ಎಡಗಾಲು ಹೊಸ ಪೆಡಲಿನ ಮೇಲೆ ಕೂತು, ಮುಂದೆ ಜಾರಿ, ಹಿಂದೆ ಸರಿದು, ಕುರುಡನ ಕೈಯಂತೆ ತಡಕಾಡಿತು. ಮೂವತ್ತು ನಲವತ್ತು ವರ್ಷ ಅವನ ಅಂಗಾಲು ತನಗಾಗಿ ಹಳೆಯ ರಬ್ಬರಿನಲ್ಲಿ ಒಂದು ಗುಳಿ ಮಾಡಿಕೊಂಡಿತ್ತು. ಅದು ಇಲ್ಲಿರಲಿಲ್ಲ. ಅವನು ಕಾಲು ತೆಗೆದು ಕೆಳಗೆ ಬಿಟ್ಟ. ಮತ್ತೆ ಇಟ್ಟರೆ ಮತ್ತೆ ತೆಗೆದ.

"ನಾಳಿ ರೂಢಿ ಆಗ್ತದ, ಮಾವಶಿ" ಅಂದ ದಿಲೀಪ, ಅವಳ ಮುಖ ನೋಡದೆ.

ರೂಢಿಯಾಗಲಿಲ್ಲ.

ವಾಹೀದನ ಫೋನು ಬಂದದ್ದು ಮಳೆಗಾಲ ಮುಗಿಯುವಾಗ. "ತಂಗಿ, ಸಿಕ್ಕದ" ಎಂದಷ್ಟೇ ಹೇಳಿದ. ತೂತು ಕೊಯ್ದಾಗಿತ್ತೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ಕ್ರ್ಯಾಂಕು ಬಿಚ್ಚಿಸಿಕೊಂಡು ಹೋದಳು. ಹೈದರಾಬಾದಿನಿಂದ ಬಂದ ಪೆಡಲು ಅದೇ ಕಾರಖಾನೆಯದು, ಎಡಗಡೆಯದು, ಹದಿನಾಲ್ಕರದು. ಹಳೆಯ ರಬ್ಬರು ಅದಕ್ಕೆ ತಾಯಿ ಮಡಿಲಿಗೆ ಕೂಸು ಬಂದಂತೆ ಬಂದು ಕೂತಿತು. ಆದರೆ ಕೊಯ್ದ ತೂತಿಗೆ ಇಟ್ಟು ತಿರುವಿದಾಗ ಒಂದು ಬೆರಳಿನಲ್ಲೇ ಸಲೀಸಾಗಿ ಒಳಹೋಯಿತು. ವಾಹೀದ ಅದರ ತುದಿಯನ್ನು ಅಲುಗಿಸಿ ತೋರಿಸಿದ. ಸಡಿಲ ಹಲ್ಲಿನಂತೆ ಅದು ಆಚೀಚೆ ಆಡಿತು.

"ಹೋಗ್ತದ, ಹಿಡಿಯಂಗಿಲ್ಲ. ನಾಲ್ಕು ಸರ್ತಿ ಜೋರಿನಿಂದ ತುಳಿದ್ರ ಚೂಡಿ ಕಿತ್ತುಕೊಂಡು ಹೊರಗ ಬರ್ತದ. ಒಳಗ ಬಳಿಯಂಥ ಒಂದು ಬುಷ್ಷು ಕೂಡಿಸಿ ಹೊಸ ಚೂಡಿ ಕೊರೀಬೇಕು. ಅಷ್ಟು ನಾಜೂಕ ಕೆಲಸ ಮಾಡೂ ಲೇಥಿನವ ಮಗಳ ಶಾದಿಗಿ ಊರಿಗಿ ಹೋಗ್ಯಾನ. ಇಟ್ಟು ಹೋಗು. ಮುಂದಿನ ವಾರ ಬರ್ತಾನ."

ಆಗಲೇ ಫೋನು ಬಂತು. ತಂದೆಯನ್ನು ನೋಡಿಕೊಳ್ಳಲು ರಜೆ ಹಾಕಿ ಬಂದಿದ್ದ ಮಹಾಮಾಯಾ ಮಾತಾಡಿದಳು. "ಅವ್ವ, ಎಲ್ಲಿದ್ದಿ? ಅಪ್ಪ ಮುಂಜಾನಿಂದ ಕಣ್ಣು ಬಿಟ್ಟಿಲ್ಲ. ಬಾಯಾಗ ಹಾಕಿದ ನೀರೂ ಹೊರಗ ಬರ್ಲಕತ್ತದ."

ಶಾಲುಬಾಯಿ ಫೋನು ಇಟ್ಟು ಮುದುಕನ ಕಡೆ ತಿರುಗಿದಳು. "ಮುಂದಿನ ವಾರ ನನ್ನ ಬಲ್ಲಿ ಇಲ್ರಿ, ವಾಹೀದ ಭಾಯಿ. ಇವತ್ತಿಂದು ಏನರ ಮಾಡ್ರಿ."

ವಾಹೀದ ಹಿತ್ತಾಳೆಯ ತೆಳ್ಳನೆಯ ತಗಡು ಕತ್ತರಿಸಿ, ಪೆಡಲಿನ ಚೂಡಿಯ ಸುತ್ತ ಹೊದಿಸಿ, ಅದರ ಮೇಲೆ ಹತ್ತಿಯ ದಾರವನ್ನು ಅಂಟಿನಲ್ಲಿ ಅದ್ದಿ ಬಿಗಿಯಾಗಿ ಸುತ್ತಿದ. "ನಲ್ಲಿಗಿ ಸುತ್ತಿದಂಗ ಸುತ್ತೀನಿ. ಒಂದು ಸಂಜಿ ಹಿಡೀತದ. ಎರಡನೇದ್ದು ಕೇಳಬ್ಯಾಡ. ಹಗೂರ ತುಳೀಲಕ ಹೇಳು."

"ಹೇಳ್ತೀನ್ರಿ" ಅಂದಳು. ಗಂಡನಿಗೆ ಈಗ ಯಾವ ಮಾತೂ ಮುಟ್ಟುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಔರಾದ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ದಿಲೀಪ ಕ್ರ್ಯಾಂಕು ಜೋಡಿಸಿದ. ಮಗಳು ಬೇಡವೆಂದಳು. ರಹೀಮುನ್ನಿಸಾ ಒಂದು ತೋಳು ಹಿಡಿದಳು, ದಿಲೀಪ ಇನ್ನೊಂದು. ಎತ್ತಿ ಕೂಡಿಸಿದ ಮೈ ಮುಂದಕ್ಕೆ ವಾಲಿತು. ಮಹಾಮಾಯಾ ಹಿಂದಿನಿಂದ ತಂದೆಯ ಸೊಂಟ ಅವುಚಿ ಹಿಡಿದಳು. ಶಾಲುಬಾಯಿ ನೆಲದ ಮೇಲೆ ಕುಳಿತು ಅವನ ಎಡಪಾದವನ್ನು ಹಳೆಯ ರಬ್ಬರಿನ ಗುಳಿಯೊಳಗೆ ಇಟ್ಟಳು.

ಹೆಬ್ಬೆರಳು ಅಲುಗಿತು. ಅಂಗಾಲು ಒಂದಿಷ್ಟು ಹಿಂದೆ ಸರಿದು ತನ್ನ ಜಾಗ ಹಿಡಿಯಿತು. ಗಾಲಿ ಅರ್ಧ ಸುತ್ತು ತಿರುಗಿತು. ನಿಂತಿತು. ಮತ್ತೆ ತಿರುಗಿತು.

"ಶಾಲೂ" ಅಂದ ಗೋರಖನಾಥ.

"ಹೂಂ."

"ಹಿಂದ ಬರೋಬ್ಬರ್ ಕುಂತೀ?"

"ಕುಂತೀನ್ರಿ."

"ಸೀರಿ ಸೆರಗು ಗಾಲಿನ್ಯಾಗ ಸಿಗ್ತದ, ಎತ್ತಿ ಕಟ್ಟು. ನಿಮ್ಮವ್ವ ಅಳಲಕತ್ತಾಳ, ತಿರುಗಿ ನೋಡಬ್ಯಾಡ." ಅವನು ಹಲಬರ್ಗಾದಿಂದ ಹೊಸ ಹೆಂಡತಿಯನ್ನು ಕರೆದುಕೊಂಡು ಹೊರಟಿದ್ದ. ಹಿಂದೆ ನಿಂತ ಮಗಳು ತಂದೆಯ ಬೆನ್ನಿಗೆ ಹಣೆ ಒತ್ತಿದಳು. ಅವನು ಹೊಲಗಳ ಹೆಸರು ಹೇಳಿದ, ಒಂದು ಹುಣಸೆಮರದ ಹೆಸರು ಹೇಳಿದ, ಮಾಂಜ್ರಾ ಹೊಳೆಯಲ್ಲಿ ನೀರು ಕಡಿಮೆ ಇದೆ ಎಂದ. ಶಾಲುಬಾಯಿಯ ಕಣ್ಣು ಪೆಡಲಿನ ಮೇಲಿತ್ತು. ದಾರದ ಒಂದು ಎಳೆ ಹೊರಬಂದಿತ್ತು.

"ಹೊಳಿ ದಾಟಿದಿವಿ. ಇನ್ನ ಏರು ಅದ" ಎಂದು ಅವನು ಮುಂದೆ ಬಾಗಿ ತೊಡೆಯ ಬಲವೆಲ್ಲ ಹಾಕಿ ತುಳಿಯತೊಡಗಿದ. ಆ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಪೆಡಲು ಓರೆಯಾಯಿತು. ಹಿತ್ತಾಳೆಯ ತಗಡು ಹರಿದು ಹೊರಗೆ ಇಣುಕಿತು.

"ಮಾವಶಿ, ನಿಲ್ಲಿಸು, ಚೂಡಿ ಪೂರಾ ಹೋಗ್ತದ" ಎಂದು ದಿಲೀಪ ಪಿಸುಗುಟ್ಟಿದ.

ಅವಳು ನಿಲ್ಲಿಸಲಿಲ್ಲ. ಎರಡೂ ಕೈಯಿಂದ ಪೆಡಲನ್ನು ಕ್ರ್ಯಾಂಕಿಗೆ ಒತ್ತಿ ಹಿಡಿದಳು. ಅವನ ಪಾದ ಮೇಲೆ ಬಂದಾಗ ಅವಳ ಕೈ ಮೇಲೆ ಬಂತು, ಕೆಳಗೆ ಹೋದಾಗ ಅವಳೂ ಬಾಗಿದಳು. ಹರಿದ ತಗಡು ಅಂಗೈಯನ್ನು ಕೊಯ್ಯುತ್ತಿತ್ತು. ರಬ್ಬರಿನ ಮೇಲೆ ಅವನ ಪಾದ, ರಬ್ಬರಿನ ಕೆಳಗೆ ಅವಳ ಕೈ. ಹಾಗೇ ಸುತ್ತು ಸುತ್ತಿದರು.

"ದಣಿವು ಆಗ್ಲಕತ್ತದೇನು, ಶಾಲೂ?"

"ಇಲ್ರಿ. ನೀವು ಹೊಡೀರಿ."

"ಇಳೀಬ್ಯಾಡ. ನಾ ಏರಸ್ತೀನಿ."

ಅವನು ಏರಿಸಿದ. ಎಷ್ಟೋ ಹೊತ್ತಿನ ಮೇಲೆ ಅವನ ಬೆನ್ನು ಸಡಿಲಾಯಿತು, ಮುಖಕ್ಕೆ ತಂಗಾಳಿ ತಾಗಿದವರ ನೆಮ್ಮದಿ ಬಂತು. ತುಳಿಯುವುದು ನಿಂತಿತು. ಪೆಡಲು ಕಳಚಿ ಶಾಲುಬಾಯಿಯ ಕೈಗೆ ಬಂತು, ಅದರ ಮೇಲೆ ಅವನ ಪಾದದ ಭಾರ ಹಾಗೇ ಇತ್ತು. ಅವಳು ಹಿಡಿದುಕೊಂಡೇ ಕೂತಳು. ಅವನು ಇನ್ನೇನೂ ಹೇಳಲಿಲ್ಲ.

ಮುಂದಿನ ವಾರ ವಾಹೀದ ಫೋನು ಮಾಡಿದಾಗ ಮನೆಯಲ್ಲಿ ಬಂಧುಗಳಿದ್ದರು. ಬುದ್ಧವಿಹಾರದ ಭಂತೇಜಿ ಬಂದು ವಂದನೆ ಹೇಳಿಸಿ ಹೋಗಿದ್ದರು. ಲೇಥಿನವನು ಬಂದಿದ್ದಾನೆ, ಕ್ರ್ಯಾಂಕು ತಗೊಂಡು ಬಾ ಎಂದ ವಾಹೀದನಿಗೆ ಅವಳು ಗಂಡ ಹೋದ ಸುದ್ದಿ ಹೇಳಿದಳು. ಅವನು ಇನ್ನಾಲಿಲ್ಲಾಹಿ ಎಂದು ಮೆಲ್ಲಗೆ ಹೇಳಿಕೊಂಡದ್ದು ಕೇಳಿಸಿತು. ಆಮೇಲೆ, ಕೇಳಬೇಕೋ ಬೇಡವೋ ಎನ್ನುವಂತೆ, ಕೇಳಿದ.

"ಆ ಸಂಜಿ ಹಿಡೀತೇನು, ತಂಗಿ?"

ಶಾಲುಬಾಯಿ ಪಟ್ಟಿ ಕಟ್ಟಿದ ಅಂಗೈಯನ್ನು ಸೆರಗಿನೊಳಗೆ ಸರಿಸಿಕೊಂಡಳು.

"ಹಿಡೀತ್ರಿ, ವಾಹೀದ ಭಾಯಿ. ಏರು ಏರೂತನಕ ಹಿಡೀತು."